ಸೈಕಲ್ ತುಳಿಯುವ ಊರು, ನಮ್ಮ ಊರು: ಉಟ್ರೆಕ್ಟ್‌ನಿಂದ ಒಂದು ಪ್ರಶ್ನೆ

ಕುಕ್ಕರಹಳ್ಳಿ (ಮೈಸೂರು, ಈಗ ಉಟ್ರೆಕ್ಟ್)

ಈ ವೇದಿಕೆಯ ಎಲ್ಲರಿಗೂ ನಮಸ್ಕಾರ. ನೆದರ್‌ಲ್ಯಾಂಡ್ಸ್‌ನಲ್ಲಿ ಐದು ವರ್ಷ ನೆಲೆಸಿದವರು ಇಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಬಹುದು. ನಮಗೆ ಆ ಅವಕಾಶ ಬಂದು ಕೆಲವು ಕಾಲವಾಯಿತು. ಪಡೆದರೆ ಭಾರತದ ಪಾಸ್‌ಪೋರ್ಟ್ ಬಿಡಬೇಕು. ನಮ್ಮ ದೇಶ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಕಾಗದಪತ್ರದ ವಿಚಾರವನ್ನು ಬಲ್ಲವರಿಂದ ತಿಳಿದುಕೊಳ್ಳುತ್ತೇನೆ, ಅದಕ್ಕಾಗಿ ಇಲ್ಲಿ ಬರೆಯುತ್ತಿಲ್ಲ. ಯಾವುದು ನನ್ನ ಊರು ಎಂಬ ಪ್ರಶ್ನೆ ಸೈಕಲ್ ಏರಿದಾಗಲೆಲ್ಲ ಎದುರಾಗುತ್ತಿದೆ. ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಈ ಊರಿನ ಬಗ್ಗೆ ಹೇಳಬೇಕು. ನಾವಿರುವುದು ಪಶ್ಚಿಮದಲ್ಲಿ ಹೊಸದಾಗಿ ಬೆಳೆದ ಲೈಡ್ಸೆ ರೈನ್ ಬಡಾವಣೆಯಲ್ಲಿ. ಹಳೆಯ ಊರಿಗೂ ನಮಗೂ ನಡುವೆ ಆಮ್‌ಸ್ಟರ್‌ಡ್ಯಾಮ್-ರೈನ್ ಕಾಲುವೆಯಿದೆ, ಸರಕು ಹಡಗುಗಳು ಓಡಾಡುವಷ್ಟು ಅಗಲ. ಅದರ ಮೇಲೆ 2017ರಲ್ಲಿ ಸೈಕಲ್ ಸವಾರರಿಗೂ ಪಾದಚಾರಿಗಳಿಗೂ ಮಾತ್ರ ಮೀಸಲಾದ ಸೇತುವೆಯೊಂದನ್ನು ಕಟ್ಟಿ, ಇದೇ ಊರಿನ ಓಟಗಾರ್ತಿ ಡಾಫ್ನೆ ಸ್ಕಿಪರ್ಸ್ ಅವರ ಹೆಸರಿಟ್ಟರು. ಹಡಗು ಹೋಗಬೇಕಾದ್ದರಿಂದ ಸೇತುವೆ ಎತ್ತರದಲ್ಲಿದೆ. ಅದರಿಂದ ಇಳಿಯುವ ದಾರಿಯನ್ನು ಸುತ್ತಿಸಿ ತರಲು ಹಳೆಯ ಊರಿನ ಕಡೆಯ ದಡದಲ್ಲಿ ಬೇರೆ ಜಾಗವಿರಲಿಲ್ಲ. ಆದ್ದರಿಂದ ಅದನ್ನು ಒಂದು ಪ್ರಾಥಮಿಕ ಶಾಲೆಯ ಚಾವಣಿಯ ಮೇಲೆಯೇ ಸುತ್ತಿಸಿ ಇಳಿಸಿದ್ದಾರೆ. ಕೆಳಗೆ ಮಕ್ಕಳ ಪಾಠ ನಡೆಯುತ್ತಿರುತ್ತದೆ, ಮೇಲೆ ನಮ್ಮ ಚಕ್ರಗಳು ಉರುಳುತ್ತಿರುತ್ತವೆ.

ಅಲ್ಲಿಂದ ಲೊಂಬೊಕ್ ಕೇರಿ. ಕನಾಲ್‌ಸ್ಟ್ರಾಟ್‌ನಲ್ಲಿ ಟರ್ಕಿ ಮತ್ತು ಮೊರಾಕೊ ಮೂಲದವರ ತರಕಾರಿ ಅಂಗಡಿಗಳಿವೆ. ಕೊತ್ತಂಬರಿ ಕಟ್ಟು, ಬೆಂಡೆಕಾಯಿ, ಹಸಿಮೆಣಸಿನಕಾಯಿ ಎಲ್ಲವನ್ನೂ ಕೊಂಡು ಹ್ಯಾಂಡಲ್‌ಗೆ ನೇತುಹಾಕಿಕೊಂಡು ರೈಲು ನಿಲ್ದಾಣದತ್ತ ಹೋಗಬಹುದು. ನಿಲ್ದಾಣದ ಸೈಕಲ್ ನಿಲುಗಡೆ 12,500 ಸೈಕಲ್‌ಗಳಿಗೆ ಸಾಲುವಂಥದ್ದು. 2019ರಲ್ಲಿ ಪೂರ್ಣಗೊಂಡಾಗ ಜಗತ್ತಿನಲ್ಲೇ ಅತಿ ದೊಡ್ಡದು ಎನಿಸಿಕೊಂಡಿತು. ಮೊದಲ 24 ಗಂಟೆಗೆ ಹಣವಿಲ್ಲ. ಇಳಿದು ತಳ್ಳಿಕೊಂಡು ಹೋಗಬೇಕಿಲ್ಲ, ತುಳಿಯುತ್ತಲೇ ಮೂರು ಅಂತಸ್ತನ್ನೂ ಸುತ್ತಬಹುದು. ಯಾವ ಸಾಲಿನಲ್ಲಿ ಎಷ್ಟು ಜಾಗ ಖಾಲಿಯಿದೆ ಎಂದು ದೀಪದ ಫಲಕ ತೋರಿಸುತ್ತದೆ. ಮೇಲಿನ ಸಾಲಿನ ಕಬ್ಬಿಣದ ಹಳಿಯನ್ನು ಎಳೆದರೆ ಅದು ಬಾಗಿ ನೆಲದ ಹತ್ತಿರಕ್ಕೆ ಬರುತ್ತದೆ. ಮುಂದಿನ ಚಕ್ರವನ್ನು ಅದರೊಳಗೆ ಕೂರಿಸಿ ಹಿಂದಿನಿಂದ ದೂಡಿದರೆ ಸೈಕಲ್ ಮೇಲೆ ಹೋಗಿ ನಿಲ್ಲುತ್ತದೆ. ಎಪ್ಪತ್ತು ದಾಟಿದ ಅಜ್ಜಿಯರು ಇದನ್ನು ಯಾರ ನೆರವೂ ಇಲ್ಲದೆ ಮಾಡುವುದನ್ನು ನೋಡಬೇಕು.

ಮುಂದೆ ಫ್ರೇಡೆನ್‌ಬರ್ಗ್. ದಿನಕ್ಕೆ ಸುಮಾರು 30,000 ಸೈಕಲ್‌ಗಳು ಹಾಯುವ ದಾರಿ. ಅಲ್ಲಿಂದ ಪೂರ್ವಕ್ಕೆ ಮಾಲಿಬಾನ್. ಈ ದೇಶದ ಮೊದಲ ಸೈಕಲ್ ಪಥವನ್ನು 1885ರಲ್ಲಿ ಹಾಕಿದ್ದು ಅಲ್ಲಿ. ಇನ್ನೂ ಮುಂದಕ್ಕೆ ಹೋದರೆ ಕ್ರೊಮ್ಮೆ ರೈನ್ ಹೊಳೆಯ ದಂಡೆ, ಆಮೆಲಿಸ್‌ವೇರ್ಡ್ ಕಾಡು. ಮನೆಯ ಬಾಗಿಲಿನಿಂದ ಕಾಡಿನವರೆಗೆ ಹೆದರಿಕೆಯಿಂದ ಎದೆ ಬಡಿದುಕೊಳ್ಳುವ ಒಂದು ತಿರುವೂ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕಳೆದ ಬೇಸಿಗೆಯಲ್ಲಿ ಅಪ್ಪ, ಅಮ್ಮ ಬಂದಿದ್ದರು. ಅಪ್ಪ ಮೈಸೂರಿನ ಅಶೋಕಪುರಂ ರೈಲ್ವೆ ಕಾರ್ಯಾಗಾರದಲ್ಲಿದ್ದವರು, ನಿವೃತ್ತಿಯಾಗುವವರೆಗೂ ಹರ್ಕ್ಯುಲಿಸ್ ಸೈಕಲ್‌ನಲ್ಲೇ ಕೆಲಸಕ್ಕೆ ಹೋದವರು. ಇಲ್ಲಿ ಅವರಿಗೂ ಒಂದು ಸೈಕಲ್ ಹೊಂದಿಸಿದೆವು. ಕೆಂಪು ಡಾಂಬರು ಹಾಕಿದ ಬೀದಿಗಳಿವೆ, ಅಲ್ಲಿ ಸೈಕಲ್‌ನದೇ ಮೇಲುಗೈ; ಕಾರು ಬರಬಹುದು, ಆದರೆ ಸೈಕಲ್‌ನ ಹಿಂದೆ ನಿಧಾನವಾಗಿ ಬರಬೇಕು. ಅಂಥ ಬೀದಿಯಲ್ಲಿ ಅಪ್ಪನ ಹಿಂದೆ ಒಂದು ಕಾರು ಬಂತು. ಹಾರ್ನ್ ಇಲ್ಲ. ಅಪ್ಪ ಹಿಂತಿರುಗಿ ನೋಡಿದರು, ಸ್ವಲ್ಪ ದೂರ ಹೋಗಿ ಮತ್ತೆ ನೋಡಿದರು, ಕೊನೆಗೆ ಇಳಿದು ಸೈಕಲನ್ನು ಪಕ್ಕಕ್ಕೆ ಸರಿಸಿ ‘ಹೋಗಿ’ ಎಂದು ಕೈ ಮಾಡಿದರು. ಕಾರಿನಲ್ಲಿದ್ದ ಹೆಂಗಸು ತಾವೂ ನಿಲ್ಲಿಸಿ ‘ನೀವೇ ಹೋಗಿ’ ಎಂದು ಕೈ ಮಾಡಿದರು. ಅಪ್ಪ ಮತ್ತೆ ಹತ್ತಿದರು. ಬೀದಿಯ ಕೊನೆಯವರೆಗೂ ಆ ಕಾರು ಅವರ ಹಿಂದೆಯೇ ಬಂತು. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಹೇಳಿದರು: “ಇಷ್ಟು ವರ್ಷ ಸೈಕಲ್ ತುಳಿದಿದ್ದೇನೆ. ನನಗೋಸ್ಕರ ಒಂದು ಕಾರು ಕಾದದ್ದು ಇದೇ ಮೊದಲು.”

ಅಂದಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ. ಬದುಕೆಲ್ಲ ದುಡಿದ ಊರಿನಲ್ಲಿ ಅಪ್ಪನಿಗೆ ಸಿಗದ ಮರ್ಯಾದೆ, ಭಾಷೆಯೂ ಬಾರದ ಪರಊರಿನಲ್ಲಿ ಸಿಕ್ಕಿತು. ಹತ್ತು ವರ್ಷದ ನನ್ನ ಮಗಳು ಒಬ್ಬಳೇ ಶಾಲೆಗೆ ಹೋಗಿ ಬರುತ್ತಾಳೆ. ಅವಳಿಗೆ ಇದೇ ಊರು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ನನಗೆ? ಮೈಸೂರಿನ ಹೆಸರು ಕಿವಿಗೆ ಬಿದ್ದರೆ ಈಗಲೂ ಮನಸ್ಸು ಅತ್ತ ಓಡುತ್ತದೆ. ಆದರೆ ಅಲ್ಲಿ ಬಂದಿಳಿದ ಮರುದಿನ ಮಗಳ ಕೈ ಬಿಡದೆ ರಸ್ತೆ ದಾಟಿಸುತ್ತೇನೆ. ಮಗುವನ್ನು ರಸ್ತೆಗೆ ಬಿಡಲು ಧೈರ್ಯ ಬಾರದ ಊರನ್ನು ನಮ್ಮೂರು ಎನ್ನಬಹುದೇ? ನೀವು ಇದನ್ನು ಹೇಗೆ ನೋಡುತ್ತೀರಿ?

ಸಾಧನಕೇರಿ (ಧಾರವಾಡ)

ತಂಗಿ, ಬರಹ ಓದಿ ಸಂತೋಷವಾಯಿತು, ಸ್ವಲ್ಪ ಸಂಕಟವೂ ಆಯಿತು. ನಿಮ್ಮ ತಂದೆಯವರ ವಯಸ್ಸಿನವನೇ ನಾನು. ನಮ್ಮ ಕಾಲದಲ್ಲಿ ಧಾರವಾಡದಲ್ಲಿ ಬಾಡಿಗೆ ಸೈಕಲ್ ಅಂಗಡಿಗಳಿದ್ದವು, ಗಂಟೆಗೆ ಇಷ್ಟು ಎಂದು ಕೊಟ್ಟು ಒಯ್ಯುತ್ತಿದ್ದೆವು. ಕಾಲು ಎಟುಕದಿದ್ದಾಗ ಒಳಪೆಡಲ್ ತುಳಿದು ಕಲಿತವರು ನಾವು. ವಿಶ್ವವಿದ್ಯಾಲಯದ ಏರು ಹತ್ತುವಾಗ ಎಲ್ಲರೂ ಇಳಿದು ತಳ್ಳುತ್ತಿದ್ದರು, ಪ್ರಾಧ್ಯಾಪಕರೂ ತಳ್ಳುತ್ತಿದ್ದರು. ಆಗ ರಸ್ತೆ ಎಲ್ಲರದಾಗಿತ್ತು. ಅದನ್ನು ಯಾರೂ ನಮಗೆ ಕೊಟ್ಟಿರಲಿಲ್ಲ, ವಾಹನ ಕಡಿಮೆ ಇದ್ದುದರಿಂದ ಹಾಗಿತ್ತು.

ಆದರೆ ನಿಮ್ಮ ಕೊನೆಯ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ರಸ್ತೆಯ ಸುಖವನ್ನು ಅಳತೆಗೋಲು ಮಾಡಿಕೊಂಡರೆ ಊರೆನ್ನುವುದು ಒಂದು ಸೌಕರ್ಯ ಮಾತ್ರವಾಗುತ್ತದೆ. ಇನ್ನೂ ಒಳ್ಳೆಯ ಸೌಕರ್ಯ ಸಿಕ್ಕರೆ ಅಲ್ಲಿಗೆ ಹೋಗುತ್ತೀರಾ? ನಮ್ಮ ಓಣಿಯಲ್ಲಿ ನಾನು ಎರಡು ದಿನ ಹೊರಗೆ ಕಾಣದಿದ್ದರೆ ಹಾಲಿನವನು ಬಾಗಿಲು ಬಡಿದು ವಿಚಾರಿಸುತ್ತಾನೆ. ನನ್ನ ಮಗ ಹೊರದೇಶದಲ್ಲಿದ್ದಾನೆ. ಅವನ ಬೀದಿಯಲ್ಲಿ ಕಾರುಗಳು ಬಹಳ ಸಭ್ಯವಾಗಿ ನಿಲ್ಲುತ್ತವೆ, ಆದರೆ ಪಕ್ಕದ ಮನೆಯವರ ಹೆಸರು ಅವನಿಗೆ ಗೊತ್ತಿಲ್ಲ. ನಿಮಗಾಗಿ ಕಾರು ನಿಲ್ಲಿಸಿದವರು ಒಳ್ಳೆಯವರೇ. ನಿಮ್ಮ ತಂದೆ ಯಾರೆಂದು ಅವರು ಬಲ್ಲರೇ?

ಇನ್ನೊಂದು ಮಾತು. ಅಲ್ಲಿಯವರಿಗೆ ಇದೆಲ್ಲ ಹೇಗೆ ಬಂತು? ಮೊದಲಿನಿಂದಲೂ ಹೀಗೆಯೇ ಇತ್ತೇ? ತಿಳಿದವರು ಹೇಳಬೇಕು.

ಹಾಸನದ ಹೌಟೆನ್ (ಹೌಟೆನ್, ನೆದರ್‌ಲ್ಯಾಂಡ್ಸ್)

ಸಾಧನಕೇರಿಯ ಹಿರಿಯರ ಪ್ರಶ್ನೆಗೆ ಉತ್ತರಿಸುತ್ತೇನೆ. ನಾನಿರುವುದು ಉಟ್ರೆಕ್ಟ್‌ನ ಪಕ್ಕದಲ್ಲಿ, ವೃತ್ತಿಯಿಂದ ಸಿವಿಲ್ ಎಂಜಿನಿಯರ್.

ಮೊದಲಿನಿಂದಲೂ ಸೈಕಲ್ ಇತ್ತು, ಆದರೆ 1950 ಮತ್ತು 60ರ ದಶಕಗಳಲ್ಲಿ ಇಲ್ಲಿಯೂ ಕಾರು ಎಲ್ಲವನ್ನೂ ನುಂಗತೊಡಗಿತ್ತು. ರಸ್ತೆ ಅಗಲ ಮಾಡಲು ಮನೆ ಕೆಡವಿದರು, ಕಾಲುವೆ ಮುಚ್ಚಿದರು. 1971ರ ಒಂದೇ ವರ್ಷದಲ್ಲಿ ಈ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಆಗ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಹೆಸರಿನಲ್ಲಿ ಚಳವಳಿ ಎದ್ದಿತು. ತಂದೆ ತಾಯಂದಿರು, ಶಾಲೆಯ ಮಕ್ಕಳು ಬೀದಿಗಳಲ್ಲಿ ಕೂತು ಸಂಚಾರ ತಡೆದರು. 1973ರಲ್ಲಿ ತೈಲ ಬಿಕ್ಕಟ್ಟು ಬಂದು ಸರ್ಕಾರ ಭಾನುವಾರಗಳಂದು ಕಾರು ಓಡಿಸುವುದನ್ನೇ ನಿಷೇಧಿಸಿತು, ಹೆದ್ದಾರಿಗಳಲ್ಲಿ ಮಕ್ಕಳು ಆಡಿದರು. 1975ರಲ್ಲಿ ಸೈಕಲ್ ಸವಾರರ ಸಂಘ ಹುಟ್ಟಿತು, ಇಂದಿಗೂ ಅದು ಊರೂರಿನಲ್ಲಿ ಅಪಾಯದ ತಿರುವುಗಳನ್ನು ಗುರುತಿಸಿ ನಗರಸಭೆಯ ಬೆನ್ನು ಹತ್ತುತ್ತದೆ. ಎಷ್ಟೋ ಮನೆಗಳ ದುಃಖದಿಂದ ಹುಟ್ಟಿದ ರಸ್ತೆಗಳು ಇವು.

ನಮ್ಮ ಹೌಟೆನ್ ಕೂಡ ಅದೇ ಕಾಲದ ಯೋಜನೆ. ಊರಿನ ಸುತ್ತ ವರ್ತುಲ ರಸ್ತೆಯಿದೆ. ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಕಾರಿನಲ್ಲಿ ಹೋಗಬೇಕಾದರೆ ಮೊದಲು ವರ್ತುಲಕ್ಕೆ ಹೋಗಿ, ಸುತ್ತಿ, ಮತ್ತೆ ಒಳಗೆ ಬರಬೇಕು. ಸೈಕಲ್‌ಗಾದರೆ ಊರ ನಡುವೆ ನೇರ ದಾರಿ. ಸೈಕಲ್ ತುಳಿಯಿರಿ ಎಂದು ಯಾರೂ ಉಪದೇಶ ಮಾಡುವುದಿಲ್ಲ. ಅದೇ ಬೇಗ ತಲುಪಿಸುತ್ತದೆ ಎಂದು ಜನ ತುಳಿಯುತ್ತಾರೆ.

ಕಾನೂನೂ ಇದೆ. ಕಾರು ಸೈಕಲ್‌ಗೆ ಗುದ್ದಿದರೆ ನಷ್ಟದ ಹೊಣೆ ಸಾಮಾನ್ಯವಾಗಿ ಕಾರಿನವರ ಮೇಲೆಯೇ ಬೀಳುತ್ತದೆ. ಸವಾರ 14 ವರ್ಷದೊಳಗಿನ ಮಗುವಾಗಿದ್ದರೆ ಹೆಚ್ಚು ಕಡಿಮೆ ಪೂರ್ತಿ ಹೊಣೆ. ಮಕ್ಕಳಿಗೆ ಹನ್ನೊಂದು, ಹನ್ನೆರಡನೆಯ ವಯಸ್ಸಿನಲ್ಲಿ ಶಾಲೆಯಲ್ಲಿ ಸಂಚಾರದ ಪರೀಕ್ಷೆ ಇರುತ್ತದೆ; ಬರೆಯುವುದೂ ಇದೆ, ಊರ ರಸ್ತೆಯಲ್ಲಿ ಸೈಕಲ್ ಓಡಿಸಿ ತೋರಿಸುವುದೂ ಇದೆ. ನಿಮ್ಮ ತಂದೆಯವರ ಹಿಂದೆ ಆ ಹೆಂಗಸು ತಾಳ್ಮೆಯಿಂದ ಬಂದದ್ದರಲ್ಲಿ ಅವರ ಒಳ್ಳೆಯತನದ ಜೊತೆಗೆ ಇಷ್ಟೆಲ್ಲ ವರ್ಷಗಳ ಕೆಲಸವೂ ಸೇರಿದೆ.

ಹೊರವರ್ತುಲ (ಬೆಂಗಳೂರು)

ಹೌಟೆನ್‌ನವರ ಮಾಹಿತಿಗೆ ಧನ್ಯವಾದ. ಆದರೆ ಇಂಥ ಬರಹ ಓದಿದಾಗ ನನಗೆ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಉಟ್ರೆಕ್ಟ್‌ನ ಜನಸಂಖ್ಯೆ ನಾಲ್ಕು ಲಕ್ಷವೂ ಇಲ್ಲ. ನೆಲ ಸಮತಟ್ಟು, ಬಿಸಿಲು ಹಿತ, ಸರ್ಕಾರದ ಬಳಿ ಹಣ. ನಾನು ಪ್ರತಿದಿನ ಸೈಕಲ್‌ನಲ್ಲಿ ಕಚೇರಿಗೆ ಹೋಗುತ್ತೇನೆ. 2020ರಲ್ಲಿ ನಮ್ಮ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ ಪಥ ಮಾಡಿದಾಗ ನನ್ನಂಥವರಿಗೆ ಹಬ್ಬವಾಗಿತ್ತು. ಬೈಕ್‌ಗಳು ಅದರೊಳಗೇ ನುಗ್ಗಿದವು, ಕಂಬಗಳು ಮುರಿದವು. ಈಗ ಮತ್ತೆ ಬಸ್ಸಿಗೂ ಚರಂಡಿಗೂ ನಡುವಿನ ಸಂದಿನಲ್ಲಿ ತುಳಿಯುತ್ತೇನೆ.

ಹಾಗೆಂದು ಇದು ನನ್ನ ಊರಲ್ಲ ಎಂದು ಒಂದು ದಿನವೂ ಅನ್ನಿಸಿಲ್ಲ. ಬೆಳಿಗ್ಗೆ ಆರೂವರೆಗೆ ಹೊರಟರೆ ನನ್ನ ಜೊತೆ ರಸ್ತೆಯಲ್ಲಿರುವವರು ಪೇಪರ್ ಹಾಕುವ ಹುಡುಗರು, ಕಾವಲುಗಾರರು, ಕ್ಯಾರಿಯರ್‌ಗೆ ಊಟದ ಡಬ್ಬಿ ಸಿಕ್ಕಿಸಿಕೊಂಡ ಗಾರೆ ಕೆಲಸದವರು. ಹೆಲ್ಮೆಟ್ ಇಲ್ಲ, ದೀಪ ಇಲ್ಲ. ಬೇರೆ ವಾಹನಕ್ಕೆ ದುಡ್ಡಿಲ್ಲ ಎಂದು ತುಳಿಯುವವರು. ಸೈಕಲ್ ಪಥದ ಚರ್ಚೆಗಳಲ್ಲಿ ಅವರ ಹೆಸರನ್ನು ಯಾರೂ ಎತ್ತುವುದಿಲ್ಲ. ನಾಳೆ ನನಗೆ ಬೇಕೆಂದರೆ ಕಾರು ಕೊಳ್ಳಬಲ್ಲೆ, ಅವರಿಗೆ ಅದು ಸಾಧ್ಯವಿಲ್ಲ. ಪಥ ಬೇಕಾದರೆ ಮೊದಲು ಬೇಕಾದದ್ದು ಅವರಿಗೆ.

ಇನ್ನು ಕೇಳುವುದಾದರೂ ಯಾರನ್ನು? ನಾವು ಪಾಲಿಕೆ ಸದಸ್ಯರನ್ನು ಆರಿಸಿದ್ದು 2015ರಲ್ಲಿ. ಅವರ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು. ಆಮೇಲೆ ವರ್ಷಗಳ ಕಾಲ ಚುನಾವಣೆಯೇ ಇಲ್ಲದೆ ಅಧಿಕಾರಿಗಳ ಆಡಳಿತ ನಡೆಯಿತು. ಉಟ್ರೆಕ್ಟ್‌ನಲ್ಲಿ ಹೀಗೆ ಆಗುತ್ತದೆಯೇ?

ತುಂಗಾತೀರ (ತೀರ್ಥಹಳ್ಳಿ, ಈಗ ಉಟ್ರೆಕ್ಟ್)

ಎಲ್ಲರೂ ಚಿಕ್ಕಂದಿನ ಸೈಕಲ್ ನೆನಪು ಹೇಳುತ್ತಿದ್ದೀರಿ. ನನಗೆ ಅಂಥ ನೆನಪಿಲ್ಲ. ನಮ್ಮ ಮನೆಯಲ್ಲಿ ಅಣ್ಣಂದಿರಿಗೆ ಸೈಕಲ್ ಇತ್ತು, ನನಗೆ ಮುಟ್ಟಲು ಬಿಡುತ್ತಿರಲಿಲ್ಲ. ಹೆಣ್ಣುಮಕ್ಕಳಿಗೆ ಯಾಕೆ ಎನ್ನುತ್ತಿದ್ದರು. ಬಿದ್ದು ಗಾಯವಾದರೆ ಮದುವೆಗೆ ತೊಂದರೆ ಎಂಬ ಮಾತೂ ಇತ್ತು.

ನಾನು ಸೈಕಲ್ ಕಲಿತದ್ದು ಇಲ್ಲಿ, ನಲವತ್ತರ ಮೇಲೆ. ಬೇರೆ ದೇಶಗಳಿಂದ ಬಂದ ಹೆಂಗಸರಿಗೆಂದೇ ಇಲ್ಲಿ ಸೈಕಲ್ ತರಗತಿಗಳು ನಡೆಯುತ್ತವೆ. ನಮ್ಮ ಗುಂಪಿನಲ್ಲಿ ಸಿರಿಯಾದ ಇಬ್ಬರು, ಸೊಮಾಲಿಯಾದ ಒಬ್ಬರು, ಮೊರಾಕೊದ ಅಜ್ಜಿಯೊಬ್ಬರು ಇದ್ದರು. ಮೊದಲು ಪೆಡಲ್ ತೆಗೆದ ಸೈಕಲ್ ಕೊಡುತ್ತಾರೆ. ಸೀಟನ್ನು ಪಾದ ಪೂರ್ತಿ ಊರುವಷ್ಟು ತಗ್ಗಿಸಿ, ಕಾಲಿನಿಂದ ನೆಲವನ್ನು ದೂಡುತ್ತಾ ಸಮತೋಲನ ಕಲಿಸುತ್ತಾರೆ. ಎರಡೂ ಕಾಲು ಎತ್ತಿ ಸ್ವಲ್ಪ ದೂರ ಸಾಗುವಂತಾದ ಮೇಲೆ ಪೆಡಲ್ ಸಿಕ್ಕಿಸುತ್ತಾರೆ. ನಾನು ಮೊದಲ ಸಲ ಬೀಳದೆ ಮೈದಾನ ಸುತ್ತಿದಾಗ ಆ ಅಜ್ಜಿ ನನ್ನನ್ನು ಅಪ್ಪಿಕೊಂಡು ಅತ್ತರು, ನಾನೂ ಅತ್ತೆ. ನಮ್ಮಿಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲ.

ಸಾಧನಕೇರಿ ಕಾಕಾ, ನಿಮ್ಮ ಮಾತಿಗೆ ಗೌರವವಿಟ್ಟೇ ಹೇಳುತ್ತೇನೆ. ಗುರುತಿಸುವ ಜನರಿದ್ದರೆ ಅದು ಊರು ಎನ್ನುತ್ತೀರಿ. ನನ್ನನ್ನು ಎಲ್ಲರೂ ಗುರುತಿಸುತ್ತಿದ್ದ ಊರಿನಲ್ಲಿ ನಾನು ಪೇಟೆಗೆ ಹೋಗಿ ಬಂದರೆ ಆ ಸುದ್ದಿ ನನಗಿಂತ ಮೊದಲು ಮನೆ ತಲುಪುತ್ತಿತ್ತು. ಯಾರೂ ಗುರುತಿಸದ ಈ ಊರಿನಲ್ಲಿ ಸಂಜೆ ಹೊತ್ತು ಫೆಕ್ಟ್ ನದಿಯ ಪಕ್ಕ ಒಬ್ಬಳೇ ಮಾರ್ಸೆನ್‌ವರೆಗೆ ಹೋಗಿ ಬರುತ್ತೇನೆ. ಎಲ್ಲಿಗೆ, ಏಕೆ, ಯಾರ ಜೊತೆ ಎಂದು ಯಾರೂ ಕೇಳುವುದಿಲ್ಲ. ಹಾಲಿನವನು ಬಾಗಿಲು ಬಡಿದು ವಿಚಾರಿಸುವುದು ಗಂಡಸರಿಗೆ ಒಂದು ಬಗೆ, ಹೆಂಗಸರಿಗೆ ಇನ್ನೊಂದು ಬಗೆ. ತೀರ್ಥಹಳ್ಳಿಯ ಮಳೆ, ಹೊಳೆ, ಅಮ್ಮನ ಅಡುಗೆಮನೆ ಎಲ್ಲವೂ ನನಗೆ ಬೇಕು. ಆದರೆ ನನ್ನ ಊರು ಯಾವುದು ಎಂದು ಕೇಳಿದರೆ ನಾನು ಸೈಕಲ್ ಕಲಿತ ಊರು ಎನ್ನುತ್ತೇನೆ.

ಬಿಳಿಜೋಳ (ಕೊಪ್ಪಳ ಜಿಲ್ಲೆ)

ನಾನು ಪ್ರೌಢಶಾಲೆಯ ಶಿಕ್ಷಕಿ. ತುಂಗಾತೀರ ಅವರು ಬರೆದದ್ದನ್ನು ಓದಿ ಸುಮ್ಮನಿರಲಾಗಲಿಲ್ಲ. ಅಕ್ಕ, ನಿಮಗೆ ಸಿಗದ ಸೈಕಲ್ ನಮ್ಮ ಹೆಣ್ಣುಮಕ್ಕಳಿಗೆ ಸಿಕ್ಕಿತ್ತು. 2006-07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಪ್ರಾಥಮಿಕ ಶಾಲೆ ಊರಲ್ಲೇ ಇರುತ್ತದೆ, ಪ್ರೌಢಶಾಲೆ ಪಕ್ಕದ ಊರಲ್ಲಿ. ಅಷ್ಟು ದೂರ ನಡೆಸಲು ಮನಸ್ಸಿಲ್ಲದೆ ಏಳನೆಯ ತರಗತಿಗೇ ಹುಡುಗಿಯರನ್ನು ಬಿಡಿಸುತ್ತಿದ್ದ ಮನೆಗಳು ಎಷ್ಟೋ ಇದ್ದವು. ಸೈಕಲ್ ಬಂದ ಮೇಲೆ ಹುಡುಗಿಯರು ಗುಂಪಾಗಿ ಬರತೊಡಗಿದರು. ಚೀಲ ಮುಂದಿನ ಬುಟ್ಟಿಯಲ್ಲಿ, ತಂಗಿ ಹಿಂದಿನ ಕ್ಯಾರಿಯರ್‌ನಲ್ಲಿ, ಎರಡೂ ಕಡೆ ಜೋಳದ ಹೊಲ. ಕೆಂಪು ಡಾಂಬರು ಇರಲಿಲ್ಲ, ಡಾಂಬರೇ ಇರಲಿಲ್ಲ. ಆದರೂ ಆ ದಾರಿ ಅವರದಾಗಿತ್ತು. ಟ್ರ್ಯಾಕ್ಟರ್‌ನವರೂ ಅವರಿಗೆ ದಾರಿ ಬಿಡುತ್ತಿದ್ದರು.

ಕೋವಿಡ್ ಕಾಲದಲ್ಲಿ ಸೈಕಲ್ ಹಂಚಿಕೆ ನಿಂತಿತು. ಹೊರದೇಶದ ಪಥಗಳ ಬಗ್ಗೆ ಬರೆಯಿರಿ, ಓದಲು ನನಗೂ ಆಸೆಯಿದೆ. ಜೊತೆಗೆ ಸೈಕಲ್ ಹಂಚಿಕೆ ಮತ್ತೆ ಆರಂಭಿಸಿ ಎಂದೂ ಕೇಳಿ, ಜೋರಾಗಿ ಕೇಳಿ. ನಿಮ್ಮಂಥ ಓದಿದವರು ಕೇಳಿದರೆ ಸದ್ದಾಗುತ್ತದೆ. ನನ್ನ ಒಬ್ಬ ವಿದ್ಯಾರ್ಥಿನಿ ಈಗ ನರ್ಸ್ ಆಗಿ ಮಂಗಳೂರಿನಲ್ಲಿದ್ದಾಳೆ. ಹಬ್ಬಕ್ಕೆ ಊರಿಗೆ ಬಂದಾಗ ಆ ಹಳೆಯ ಸೈಕಲ್ಲನ್ನು ತಮ್ಮನ ಮಗಳಿಗೆ ರಿಪೇರಿ ಮಾಡಿಸಿ ಕೊಟ್ಟು ಹೋದಳು.

ಮೊದಲ ಸೆಮಿಸ್ಟರ್ (ಬಳ್ಳಾರಿ, ಈಗ ಉಟ್ರೆಕ್ಟ್)

ಹಿರಿಯರ ಚರ್ಚೆಯ ನಡುವೆ ಸಣ್ಣ ಪ್ರಶ್ನೆ, ದಯವಿಟ್ಟು ಕ್ಷಮಿಸಿ. ಓದಲು ಬಂದು ಒಂದು ವಾರವಾಯಿತು. ಹೊಸ ಸೈಕಲ್ ಕೊಳ್ಳಲು ಹಣವಿಲ್ಲ. ಹಳೆಯದನ್ನು ಕೊಳ್ಳುವಾಗ ಏನು ನೋಡಬೇಕು?

ಹಾಸನದ ಹೌಟೆನ್

ತಮ್ಮ, ಬೀದಿಯಲ್ಲಿ ಯಾರಾದರೂ ತೀರಾ ಅಗ್ಗಕ್ಕೆ ಕೊಡಲು ಬಂದರೆ ಕೊಳ್ಳಬೇಡ, ಅದು ಕದ್ದ ಮಾಲು ಆಗಿರಬಹುದು. ಅಂಗಡಿಯಿಂದಲೇ ಕೊಂಡು ರಸೀದಿ ಇಟ್ಟುಕೊ. ನಮ್ಮ ಕಡೆಯ ಹಳೆಯ ಸೈಕಲ್‌ಗಳಲ್ಲಿ ಇದ್ದಂತೆ ಹಿಂದಿನ ಚಕ್ರಕ್ಕೆ ಬೀಗವಿರುತ್ತದೆ. ಅದಷ್ಟೇ ಸಾಲದು, ದಪ್ಪ ಸರಪಳಿಯಿಂದ ಕಂಬಕ್ಕೂ ಕಟ್ಟಬೇಕು. ಅನೇಕ ಸೈಕಲ್‌ಗಳಲ್ಲಿ ಕೈಬ್ರೇಕ್ ಇರುವುದಿಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುತ್ತದೆ. ಖಾಲಿ ಜಾಗದಲ್ಲಿ ಅಭ್ಯಾಸ ಮಾಡಿಕೊಂಡು ರಸ್ತೆಗೆ ಇಳಿ. ಕತ್ತಲಾದ ಮೇಲೆ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಕಡ್ಡಾಯ. ತುಳಿಯುವಾಗ ಮೊಬೈಲ್ ಕೈಯಲ್ಲಿದ್ದರೆ ದಂಡ. 2019ರ ಜುಲೈಯಿಂದ ಅದು ಸೈಕಲ್‌ಗೂ ಅನ್ವಯ. ರಸ್ತೆಯ ಮೇಲೆ ಬಿಳಿ ತ್ರಿಕೋನಗಳ ಸಾಲು ಕಂಡರೆ, ಅವುಗಳ ಚೂಪು ನಿನ್ನ ಕಡೆ ತಿರುಗಿದ್ದರೆ, ನೀನು ಬೇರೆಯವರಿಗೆ ದಾರಿ ಬಿಡಬೇಕು. ಇದೊಂದನ್ನು ಮರೆಯಬೇಡ. ಮನೆ ಸಿಕ್ಕಿತೇ? ಅಡುಗೆಗೆ ಏನಾದರೂ ಬೇಕಿದ್ದರೆ ಬರೆ.

ಕುಕ್ಕರಹಳ್ಳಿ

ಎಲ್ಲರ ಉತ್ತರಗಳನ್ನೂ ಓದಿದೆ. ಹೊರವರ್ತುಲ ಅವರ ಸಿಟ್ಟು ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು.

ಚುನಾವಣೆಯ ಬಗ್ಗೆ ಕೇಳಿದ್ದೀರಿ. ಇಲ್ಲಿ ನಗರಸಭೆಯ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಯುರೋಪ್ ಒಕ್ಕೂಟದ ಹೊರಗಿನವರಿಗೂ ಐದು ವರ್ಷ ಕಾನೂನುಬದ್ಧವಾಗಿ ನೆಲೆಸಿದ್ದರೆ ಅದರಲ್ಲಿ ಮತವಿದೆ. ಸಂಸತ್ತಿಗೆ ಇಲ್ಲ, ಊರಿಗೆ ಇದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನಾನು ಈ ಊರಿನಲ್ಲಿ ಮತ ಹಾಕಿದ್ದೇನೆ.

ಮತದಿಂದ ರಸ್ತೆ ಬದಲಾಗುವುದನ್ನೂ ಈ ಊರು ಕಂಡಿದೆ. ಹಳೆಯ ಊರಿನ ಸುತ್ತ ಶತಮಾನಗಳಿಂದ ನೀರಿನ ಕಂದಕವಿತ್ತು. ಕಾರಿನ ಭರಾಟೆಯ ಕಾಲದಲ್ಲಿ ಕಾಟರೈನ್‌ಸಿಂಗಲ್ ಎಂಬ ಅದರ ಒಂದು ಭಾಗವನ್ನು ಬರಿದು ಮಾಡಿ, ಅದೇ ತಗ್ಗಿನಲ್ಲಿ ಹೆದ್ದಾರಿ ಹಾಕಿದರು. 2002ರಲ್ಲಿ ಆ ಪ್ರದೇಶದ ಭವಿಷ್ಯದ ಬಗ್ಗೆ ಜನಮತಗಣನೆ ನಡೆದಾಗ ಜನ ನೀರನ್ನು ಮರಳಿ ತರುವ ಯೋಜನೆಯನ್ನು ಆರಿಸಿದರು. 2020ರ ಸೆಪ್ಟೆಂಬರ್‌ನಲ್ಲಿ ನೀರು ಬಂತು. ಕಾರುಗಳು ಓಡುತ್ತಿದ್ದ ಕಡೆ ಈಗ ಜನ ದೋಣಿ ನಡೆಸುತ್ತಾರೆ, ದಡದ ಹುಲ್ಲಿನ ಮೇಲೆ ಮಕ್ಕಳು ಕಾಲು ಇಳಿಬಿಟ್ಟು ಕೂರುತ್ತಾರೆ. ಕಾಕತಾಳೀಯ ನೋಡಿ, ಬೆಂಗಳೂರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದದ್ದೂ ಅದೇ ತಿಂಗಳು.

ಸಾಧನಕೇರಿ ಕಾಕಾ, ಅಪ್ಪನನ್ನು ಯಾರು ಬಲ್ಲರು ಎಂಬ ನಿಮ್ಮ ಮಾತು ನಿಜ. ಅಶೋಕಪುರಂನಲ್ಲಿ ಅಪ್ಪ ಹೊರಟರೆ ಹತ್ತು ಮಂದಿ ಮಾತನಾಡಿಸುತ್ತಾರೆ. ಆದರೆ ಪ್ರೀತಿಯಿಂದ ಮಾತನಾಡಿಸುವ ಆ ಹತ್ತು ಮಂದಿಗೂ ರಸ್ತೆ ದಾಟಲು ಭಯ. ಅಷ್ಟು ಪರಿಚಯ, ಅಷ್ಟು ವಿಶ್ವಾಸ ಇರುವ ಜನ ಒಟ್ಟಾಗಿ ಕೂತು ಒಂದು ರಸ್ತೆಯನ್ನು ಸರಿ ಮಾಡಿಸಿಕೊಳ್ಳಲಾರರು ಎಂದು ನಾನು ನಂಬುವುದಿಲ್ಲ.

ತುಂಗಾತೀರ ಅಕ್ಕ, ನಾವಿಬ್ಬರೂ ಒಂದೇ ಊರಿನಲ್ಲಿದ್ದೇವೆ, ಒಮ್ಮೆ ಭೇಟಿಯಾಗೋಣ. ನಿಮ್ಮ ಉತ್ತರ ನನ್ನದಲ್ಲ, ಆದರೆ ಅದಕ್ಕೆ ಎದುರಾಡುವ ಮಾತು ನನ್ನಲ್ಲಿಲ್ಲ. ಮೇಡಂ (ಬಿಳಿಜೋಳ), ಸೈಕಲ್ ಯೋಜನೆಯ ಬಗ್ಗೆ ಮನವಿ ಸಿದ್ಧಪಡಿಸೋಣ. 8ನೇ ತರಗತಿಗೆ ಸೇರಿ ಮಧ್ಯದಲ್ಲೇ ಬಿಟ್ಟ ಹುಡುಗಿಯರ ಬಗ್ಗೆ ನಿಮ್ಮ ಶಾಲೆಯ ಅನುಭವವನ್ನು ಬರೆದು ಕಳುಹಿಸಿ, ಉಳಿದ ಬರವಣಿಗೆ ನನ್ನದು.

ಪಾಸ್‌ಪೋರ್ಟ್‌ನ ವಿಚಾರಕ್ಕೆ ಬಂದರೆ, ಸದ್ಯ ಅರ್ಜಿ ಹಾಕುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಮಗಳು ನಡೆಯುವ ರಸ್ತೆಯನ್ನು ನಿರ್ಧರಿಸುವ ಮತ ನನಗೆ ಇಲ್ಲಿ ಆಗಲೇ ಇದೆ. ಭಾರತದ ಪೌರತ್ವ ಬಿಟ್ಟರೆ ಅಪ್ಪ ನಡೆಯುವ ರಸ್ತೆಯ ಬಗ್ಗೆ ಮಾತನಾಡುವ ಮತ ಹೋಗುತ್ತದೆ. ಹೊರದೇಶದಲ್ಲಿರುವ ಭಾರತೀಯರು ವಿಧಾನಸಭೆಗೂ ಲೋಕಸಭೆಗೂ ಮತ ಹಾಕಬಹುದು, ಆದರೆ ಅದಕ್ಕೆ ಮತಗಟ್ಟೆಗೆ ತಾವೇ ಹೋಗಬೇಕು. ಹೋಗುತ್ತೇನೆ. ಇದರಿಂದ ಪ್ರಯಾಣದ ವೀಸಾ, ಕೆಲಸದ ನಿಯಮ ಎಂದು ಕೆಲವು ತೊಂದರೆಗಳಿವೆ, ಗಂಡನಿಗೆ ನನ್ನ ತೀರ್ಮಾನ ಪೂರ್ತಿ ಒಪ್ಪಿಗೆಯೂ ಇಲ್ಲ. ಮಗಳಿಗೆ ಹದಿನೆಂಟಾದಾಗ ಅವಳ ವಿಷಯವನ್ನು ಅವಳೇ ನೋಡಿಕೊಳ್ಳಲಿ.

ಡಿಸೆಂಬರ್‌ನಲ್ಲಿ ಮೈಸೂರಿಗೆ ಬರುತ್ತೇವೆ. ಈ ಸಲ ಅವಳನ್ನು ಅಲ್ಲಿ ಸೈಕಲ್ ಮೇಲೆ ಕರೆದುಕೊಂಡು ಹೋಗಬೇಕೆಂಬ ಆಸೆ. ಮೈಸೂರಿನವರು ಯಾರಾದರೂ ದಾರಿ ಹೇಳುತ್ತೀರಾ?

ಸಾಧನಕೇರಿ

ತುಂಗಾತೀರ, ನೀವು ಬರೆದದ್ದನ್ನು ನಮ್ಮ ಮನೆಯವರಿಗೆ ಓದಿ ಹೇಳಿದೆ. “ಆಕೆ ಹೇಳಿದ್ದು ಸರಿ” ಎಂದರು. ನನಗೆ ಒಪ್ಪಲು ಇನ್ನೂ ಸ್ವಲ್ಪ ಸಮಯ ಬೇಕು, ಆದರೆ ಯೋಚಿಸುತ್ತಿದ್ದೇನೆ. ಮನವಿಗೆ ನನ್ನ ಸಹಿಯನ್ನೂ ಹಾಕಿಕೊಳ್ಳಿ. ನಮ್ಮ ಹಿರಿಯ ನಾಗರಿಕರ ಕೂಟದಿಂದಲೂ ಮಾಡಿಸುತ್ತೇನೆ.

ಚಾಮುಂಡಿ ಮೆಟ್ಟಿಲು (ಮೈಸೂರು)

ಇಷ್ಟು ಹೊತ್ತು ಓದುತ್ತಿದ್ದೆ. ಮೈಸೂರಿನ ಬಗ್ಗೆ ಒಂದು ಮಾತು ಸೇರಿಸಬೇಕು: ಸಾರ್ವಜನಿಕರು ಹಂಚಿಕೊಂಡು ಬಳಸುವ ಸೈಕಲ್‌ಗಳ ವ್ಯವಸ್ಥೆ ದೇಶದಲ್ಲೇ ಮೊದಮೊದಲು ಬಂದ ಊರುಗಳಲ್ಲಿ ನಮ್ಮದೂ ಒಂದು. 2017ರ ಜೂನ್‌ನಲ್ಲಿ 450 ಸೈಕಲ್‌ಗಳೊಂದಿಗೆ ‘ಟ್ರಿಣ್ ಟ್ರಿಣ್’ ಆರಂಭವಾಯಿತು. ಅಂಥದ್ದನ್ನು ಮಾಡಿದ ಊರಿಗೆ ಮಿಕ್ಕದ್ದನ್ನೂ ಮಾಡುವ ಶಕ್ತಿಯಿದೆ ಎಂದು ನಂಬಿ ನಾನು ಇಲ್ಲಿ ತುಳಿಯುತ್ತಿದ್ದೇನೆ.

ಡಿಸೆಂಬರ್ ಒಳ್ಳೆಯ ಸಮಯ, ಬೆಳಿಗ್ಗೆ ಚಳಿ ಹಿತವಾಗಿರುತ್ತದೆ. ಮಗಳ ಜೊತೆ ಭಾನುವಾರ ಏಳು ಗಂಟೆಯೊಳಗೆ ಹೊರಡಿ. ಕುಕ್ಕರಹಳ್ಳಿ ಕೆರೆಯ ಬಳಿಯಿಂದ ಮಾನಸಗಂಗೋತ್ರಿಯ ಒಳರಸ್ತೆಗಳಲ್ಲಿ ಮೊದಲು ಓಡಾಡಲಿ, ಅಲ್ಲಿ ಮರದ ನೆರಳೂ ಇದೆ, ವಾಹನವೂ ಕಡಿಮೆ. ಅಭ್ಯಾಸವಾದ ಮೇಲೆ ಕೃಷ್ಣರಾಜ ಬುಲೇವಾರ್ಡ್ ಕಡೆಗೆ ಬನ್ನಿ. ಸಯ್ಯಾಜಿರಾವ್ ರಸ್ತೆ ಆ ಹೊತ್ತಿಗೂ ಬೇಡ, ಮಾರುಕಟ್ಟೆಯ ಗಾಡಿಗಳಿರುತ್ತವೆ. ಇಲ್ಲಿ ರಸ್ತೆಯ ಎಡಕ್ಕೆ ಚಲಿಸಬೇಕು, ಅವಳಿಗೆ ಬಲಕ್ಕೆ ಹೋಗಿ ರೂಢಿಯಾಗಿರುತ್ತದೆ. ತಿರುವುಗಳಲ್ಲಿ ನೀವು ಹಿಂದಿರಿ, ಅವಳು ಮುಂದಿರಲಿ. ನಿಮ್ಮ ತಂದೆಯವರೂ ಬರಲಿ. ನಾನು ಮತ್ತು ಇನ್ನಿಬ್ಬರು ಗೆಳೆಯರು ಜೊತೆಗಿರುತ್ತೇವೆ, ಹಿಂದಿನ ಕಾರುಗಳನ್ನು ನಾವು ನೋಡಿಕೊಳ್ಳುತ್ತೇವೆ. ನನ್ನ ಮಗನಿಗೆ ಚಿಕ್ಕದಾದ ಒಂದು ಸೈಕಲ್ ಮನೆಯಲ್ಲಿದೆ. ಅವಳ ಎತ್ತರ ಎಷ್ಟೆಂದು ತಿಳಿಸಿದರೆ ಸೀಟು ಹೊಂದಿಸಿ, ಬ್ರೇಕ್ ರಬ್ಬರ್ ಬದಲಿಸಿ ಇಟ್ಟಿರುತ್ತೇನೆ.